ಸಂದೇಹವೂ ಕರೆಯೂ: ಪಂಡಿತಾ ರಮಾಬಾಯಿಯವರ ಎಂಟು ವರ್ಷ

ಮನೆಗೆ ಒಂದು ಮದುವೆಯ ಕರೆ ಬರುತ್ತದೆ. ಬಂದವರು ಅಕ್ಷತೆ ಕೊಟ್ಟು, ಲಗ್ನಪತ್ರಿಕೆಯನ್ನು ಕೈಯಲ್ಲಿರಿಸಿ, “ಮನೆಮಂದಿಯೆಲ್ಲ ಬರಬೇಕು, ಮುಂದೆ ನಿಂತು ನಡೆಸಿಕೊಡಬೇಕು” ಎಂದು ಹೇಳಿ ಹೊರಟುಹೋಗುತ್ತಾರೆ. ಅವರು ಅತ್ತ ಹೋದ ಮೇಲೆ ಇತ್ತ ಮನೆಯಲ್ಲಿ ವಿಚಾರ ಆರಂಭವಾಗುತ್ತದೆ. ಕರೆದದ್ದು ಮನಸ್ಸಿನಿಂದಲೋ, ಬರಿಯ ಬಾಯುಪಚಾರಕ್ಕೋ? ಹೋಗುವುದಾದರೆ ಎಷ್ಟು ದಿನ ರಜೆ ಬೇಕು? ಹೋಗದಿದ್ದರೆ ಯಾರು ಏನೆಂದುಕೊಂಡಾರು? ಕರೆ ಬಂದದ್ದು ನಿಜ. ಪತ್ರಿಕೆ ಕೈಯಲ್ಲೇ ಇದೆ. ಆದರೂ ಕರೆ ಬರುವುದಕ್ಕೂ ನಾವು ಹೊರಡುವುದಕ್ಕೂ ನಡುವೆ ಎಷ್ಟೋ ಮಾತು ಬಂದುಬಿಡುತ್ತದೆ.

ದೇವರು ಮನುಷ್ಯನನ್ನು ಕರೆಯುವ ಬಗೆಯನ್ನು ತಿಳಿಸಲು ಯೇಸು ಇಂಥದೇ ಒಂದು ಕಥೆಯನ್ನು ಹೇಳಿದನೆಂದು ಲೂಕನ ಸುವಾರ್ತೆಯಲ್ಲಿದೆ. ಒಬ್ಬ ಗೃಹಸ್ಥ ದೊಡ್ಡ ಔತಣವನ್ನು ಏರ್ಪಡಿಸಿ, ಅಡುಗೆ ಸಿದ್ಧವಾದ ಮೇಲೆ ಕರೆದವರ ಮನೆಗಳಿಗೆ ಆಳನ್ನು ಕಳುಹಿಸುತ್ತಾನೆ. ಒಬ್ಬನು ತಾನು ಹೊಲ ಕೊಂಡಿದ್ದೇನೆ, ಹೋಗಿ ನೋಡಬೇಕು ಎನ್ನುತ್ತಾನೆ. ಇನ್ನೊಬ್ಬನಿಗೆ ಹೊಸದಾಗಿ ಕೊಂಡ ಐದು ಜೋಡಿ ಎತ್ತುಗಳನ್ನು ಹೂಡಿ ನೋಡುವ ಆತುರ. ಮೂರನೆಯವನು ಆಗತಾನೆ ಮದುವೆಯಾದವನು. ಎಲ್ಲರೂ ಕ್ಷಮೆ ಕೇಳುವವರೇ. ಕೊನೆಗೆ ಆ ಗೃಹಸ್ಥ ಬೀದಿಯಲ್ಲಿದ್ದ ಬಡವರನ್ನೂ ಕುಂಟರನ್ನೂ ಕುರುಡರನ್ನೂ ಕರೆಸಿ ಪಂಕ್ತಿ ತುಂಬಿಸುತ್ತಾನೆ.

ಈ ಕಥೆಯಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಬಾರದೆ ಉಳಿದ ಮೂವರಲ್ಲಿ ಒಬ್ಬನಾದರೂ ಕರೆ ಸುಳ್ಳೆಂದು ಹೇಳಲಿಲ್ಲ. ಅವರಿಗೆ ಇದ್ದದ್ದು ಸಂದೇಹವಲ್ಲ, ಪುರುಸೊತ್ತಿಲ್ಲದಿರುವಿಕೆ. ಆದರೆ ಲೋಕದಲ್ಲಿ ಇನ್ನೊಂದು ಬಗೆಯ ಜನರೂ ಇದ್ದಾರೆ. ಅವರಿಗೆ ಹೋಗಬೇಕೆಂಬ ಹಂಬಲವಿದೆ. ಆದರೆ ಕರೆದವನು ಇದ್ದಾನೆಯೇ, ಕರೆದದ್ದು ತನ್ನನ್ನೇ ಏನು, ಹೋದರೆ ಬಾಗಿಲು ತೆರೆದೀತೇ ಎಂಬ ಹೊಯ್ದಾಟ ಬಿಡದು. ಅಂಥವರ ವಿಚಾರವೇ ಈ ಲೇಖನ. ನೀವು ಯಾವ ಮತಕ್ಕೆ ಸೇರಿದವರಾದರೂ ಸರಿ, ಅಥವಾ ಯಾವುದಕ್ಕೂ ಸೇರದವರಾದರೂ ಸರಿ, ಈ ಹೊಯ್ದಾಟ ನಿಮಗೆ ಅಪರಿಚಿತವಾಗಿರಲಾರದು.

ಅನುಮಾನಿಸಿದ ಶಿಷ್ಯ

ಸಂದೇಹವೆಂದರೆ ನಾಸ್ತಿಕತೆಯೆಂದು ಹಲವರು ತಿಳಿದಿದ್ದಾರೆ. ಎರಡೂ ಒಂದೇ ಅಲ್ಲ. ಬಾಗಿಲನ್ನು ಮುಚ್ಚಿ ಅಗಳಿ ಹಾಕಿ ಮಲಗಿದವನಿಗೆ ಸಂದೇಹವಿಲ್ಲ. ಅವನದು ತೀರ್ಮಾನವಾದ ವಿಷಯ. ಹೊಸ್ತಿಲಿನ ಮೇಲೆ ಒಂದು ಕಾಲಿಟ್ಟು ಒಳಗೂ ಹೊರಗೂ ನೋಡುವವನೇ ಸಂದೇಹಿ. ಎಂದರೆ, ನಂಬುವ ಆಸೆ ಎಲ್ಲಿ ಇನ್ನೂ ಉಳಿದಿದೆಯೋ ಅಲ್ಲಿ ಮಾತ್ರ ಸಂದೇಹ ಇರಬಲ್ಲದು.

ಕ್ರೈಸ್ತರ ಗ್ರಂಥವೇ ಈ ಮಾತನ್ನು ಬಚ್ಚಿಡದೆ ಹೇಳುತ್ತದೆ. ಯೇಸು ಶಿಲುಬೆಯ ಮೇಲೆ ಸತ್ತು ಮೂರನೆಯ ದಿನ ಎದ್ದುಬಂದು ಶಿಷ್ಯರಿಗೆ ಕಾಣಿಸಿಕೊಂಡಾಗ, ತೋಮನೆಂಬ ಶಿಷ್ಯನು ಅಲ್ಲಿರಲಿಲ್ಲ. ಉಳಿದವರು ಹೇಳಿದ್ದನ್ನು ಅವನು ಒಪ್ಪಲಿಲ್ಲ. ಮೊಳೆ ಹೊಡೆದ ಗಾಯವನ್ನು ಕಣ್ಣಾರೆ ಕಂಡು ಕೈಯಾರೆ ಮುಟ್ಟಿದ ಹೊರತು ತಾನು ನಂಬುವವನಲ್ಲವೆಂದ. ಎಂಟು ದಿನಗಳಾದ ಮೇಲೆ ಯೇಸು ಮತ್ತೆ ಬಂದನು. ಬಂದವನು ತೋಮನನ್ನು ಹೊರಗೆ ಹಾಕಲಿಲ್ಲ. ನೋಡು, ಮುಟ್ಟು ಎಂದು ತನ್ನ ಗಾಯಗಳನ್ನೇ ಅವನೆದುರು ಹಿಡಿದನು. ಕಾಣದೆ ನಂಬಿದವರು ಧನ್ಯರೆಂಬ ಬುದ್ಧಿಮಾತು ಬಂದದ್ದು ಆಮೇಲೆ. ತೋಮನು ನಿಜವಾಗಿ ಮುಟ್ಟಿ ನೋಡಿದನೆಂದು ಯೋಹಾನನ ಸುವಾರ್ತೆ ಎಲ್ಲಿಯೂ ಹೇಳುವುದಿಲ್ಲ. ತನ್ನ ಪ್ರಶ್ನೆಯನ್ನು ಅಲ್ಲಗಳೆಯದೆ ಕೈಗೆತ್ತಿಕೊಂಡ ಆ ಒಂದು ನಡತೆಯೇ ಅವನಿಗೆ ಸಾಕಾಗಿರಬೇಕು. ಹೀಗೆ ಅನುಮಾನಪಟ್ಟ ತೋಮನೇ ಮುಂದೆ ಭಾರತಕ್ಕೆ ಬಂದನೆಂಬುದು ಕೇರಳದ ಪ್ರಾಚೀನ ಕ್ರೈಸ್ತರ ಪರಂಪರೆ. ಚೆನ್ನೈಯಲ್ಲಿ ಅವನ ಹೆಸರಿನ ಬೆಟ್ಟವೇ ಇದೆ.

ಮಾರ್ಕನ ಸುವಾರ್ತೆಯಲ್ಲಿ ಇನ್ನೊಬ್ಬನಿದ್ದಾನೆ: ಮೂರ್ಛೆ ಬರುವ ಮಗನನ್ನು ಕರೆತಂದ ತಂದೆ. ನಂಬುತ್ತೀಯಾ ಎಂಬ ಪ್ರಶ್ನೆ ಬಂದಾಗ ಅವನು ನಂಬುತ್ತೇನೆಂದೂ ಹೇಳಿದ, ಅದೇ ಉಸಿರಿನಲ್ಲಿ ತನ್ನ ಅಪನಂಬಿಕೆಗೆ ನೆರವಾಗೆಂದೂ ಬೇಡಿಕೊಂಡ. ಅರ್ಧ ನಂಬಿಕೆಯ ಆ ಬೇಡಿಕೆಯೂ ಫಲಿಸಿತು. ಪೂರ್ಣ ನಂಬಿಕೆ ಬಂದ ಮೇಲೆ ಬಾ ಎಂದು ಅವನನ್ನು ಹಿಂದಕ್ಕೆ ಕಳುಹಿಸಲಿಲ್ಲ.

ಇವು ಹಳೆಯ ಕಾಲದ ಮಾತುಗಳಾದವು. ನಮಗೆ ಹತ್ತಿರದ, ನಮ್ಮ ಮಲೆನಾಡಿನಲ್ಲಿಯೇ ಹುಟ್ಟಿದ ಒಬ್ಬ ವಿದ್ವಾಂಸೆಯ ಬಾಳಿನಲ್ಲಿ ಈ ಹೋರಾಟ ಹೇಗೆ ನಡೆಯಿತೆಂಬುದನ್ನು ಈಗ ನೋಡೋಣ.

ಗಂಗಾಮೂಲದ ಮಗಳು

ತುಂಗಾ, ಭದ್ರಾ, ನೇತ್ರಾವತಿ ನದಿಗಳು ಹುಟ್ಟುವ ಗಂಗಾಮೂಲದ ಕಾಡಿನಲ್ಲಿ 1858ರ ಏಪ್ರಿಲ್ 23ರಂದು ಒಂದು ಹೆಣ್ಣುಮಗು ಹುಟ್ಟಿತು. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು, ಕಾರ್ಕಳದ ಬಳಿಯ ಮಾಳದ ಕಡೆಯವರು, ಸಂಸ್ಕೃತದಲ್ಲಿ ದೊಡ್ಡ ವಿದ್ವಾಂಸರು. ಆಚಾರದಲ್ಲಿ ಕಟ್ಟುನಿಟ್ಟು, ಆದರೆ ಹೆಂಗಸರಿಗೆ ಸಂಸ್ಕೃತ ಕಲಿಸಬಾರದೆಂಬ ಮಾತನ್ನು ಮಾತ್ರ ಅವರು ಒಪ್ಪಲಿಲ್ಲ. ಹೆಂಡತಿ ಲಕ್ಷ್ಮೀಬಾಯಿಗೆ ತಾವೇ ಪಾಠ ಹೇಳಿದರು. ಇದಕ್ಕೆ ಊರಿನಲ್ಲಿ ವಿರೋಧ ಬಂದುದರಿಂದ ಕಾಡಿನ ನಡುವೆ ಮನೆ ಕಟ್ಟಿಕೊಂಡು ವಿದ್ಯಾರ್ಥಿಗಳನ್ನಿಟ್ಟುಕೊಂಡು ಬಾಳಿದರು. ಆ ತಾಯಿಯೇ ಮುಂದೆ ಮಗಳು ರಮಾಳಿಗೆ ಗುರುವಾದಳು.

ಬಂದ ಯಾತ್ರಿಕರಿಗೆಲ್ಲ ಅನ್ನವಿಡುತ್ತಿದ್ದ ಆ ಮನೆ ಸಾಲಕ್ಕೆ ಸಿಕ್ಕಿತು. ಮಗು ಆರು ತಿಂಗಳಿನದಾಗಿದ್ದಾಗಲೇ ಕುಟುಂಬ ಮನೆ ಬಿಟ್ಟು ತೀರ್ಥಯಾತ್ರೆಗೆ ಹೊರಟಿತು. ದೇವಸ್ಥಾನಗಳಲ್ಲಿ, ನದೀತೀರದಲ್ಲಿ ಪುರಾಣ ಓದುವುದು, ಜನ ಕೊಟ್ಟದ್ದರಲ್ಲಿ ಬಾಳುವುದು. ಹೀಗೆ ಊರೂರು ಸುತ್ತುತ್ತ ರಮಾಬಾಯಿಯವರು ಭಾಗವತದ ಸಾವಿರಾರು ಶ್ಲೋಕಗಳನ್ನು ಬಾಯಿಪಾಠ ಮಾಡಿದರು. ಮರಾಠಿಯ ಜೊತೆಗೆ ಕನ್ನಡ, ಹಿಂದೂಸ್ತಾನಿ, ಬಂಗಾಳಿಗಳನ್ನೂ ಕಲಿತರು.

1874ರ ಸುಮಾರಿಗೆ ದಕ್ಷಿಣದಲ್ಲಿ ಬರ ಬಿತ್ತು. ಇದ್ದ ಹಣವನ್ನೆಲ್ಲ ವ್ರತಕ್ಕೆ, ದಾನಕ್ಕೆ, ಪೂಜೆಗೆ ಕೊಟ್ಟು ಮುಗಿದಿತ್ತು. ಕೂಲಿ ಮಾಡಿ ಗೊತ್ತಿಲ್ಲ. ಭಿಕ್ಷೆ ಬೇಡಲು ಮನಸ್ಸಿಲ್ಲ. ಹನ್ನೊಂದು ದಿನ ಎಲೆ, ನೀರು, ಒಂದು ಹಿಡಿ ಕಾಡು ಹಣ್ಣುಗಳಲ್ಲಿ ಜೀವ ಹಿಡಿದುಕೊಂಡಿದ್ದೆವೆಂದು ರಮಾಬಾಯಿಯವರು ಮುಂದೆ ಬರೆದಿದ್ದಾರೆ. ಕಣ್ಣು ಕಾಣದ ಮುದಿ ತಂದೆ ಕಿರಿಯ ಮಗಳನ್ನು ತಬ್ಬಿಕೊಂಡು, ಅವಳನ್ನು ದೇವರ ಕೈಗೆ ಒಪ್ಪಿಸಿದ್ದೇನೆಂದೂ ಬಾಳಿರುವವರೆಗೂ ಅವನನ್ನೇ ಸೇವಿಸಬೇಕೆಂದೂ ಹೇಳಿದರಂತೆ. ಕೆಲವು ದಿನಗಳಲ್ಲಿ ತಂದೆ ತೀರಿಕೊಂಡರು. ತಾಯಿ ಹೋದಳು, ಅಕ್ಕನೂ ಹೋದಳು. ಉಳಿದವರು ಅಣ್ಣ ಶ್ರೀನಿವಾಸ ಮತ್ತು ಹದಿಹರೆಯದ ರಮಾ, ಇಬ್ಬರೇ.

ವಾಚಕರೇ, ಸಂದೇಹ ಹುಟ್ಟುವುದು ಹೆಚ್ಚಾಗಿ ಇಂಥ ಕಡೆಯಲ್ಲಿ. ಪುಸ್ತಕ ಓದಿ ಹುಟ್ಟಿದ ಸಂದೇಹಕ್ಕೆ ಇನ್ನೊಂದು ಪುಸ್ತಕ ಉತ್ತರ ಕೊಟ್ಟೀತು. ಹೇಳಿದ್ದನ್ನೆಲ್ಲ ಚಾಚೂ ತಪ್ಪದೆ ಮಾಡಿದವರ ಮನೆಯಲ್ಲಿ ಹಸಿವಿನಿಂದ ಮೂವರು ಹೋದ ಮೇಲೆ ಹುಟ್ಟುವ ಸಂದೇಹಕ್ಕೆ ಯಾವ ಪುಸ್ತಕ ಉತ್ತರ ಕೊಟ್ಟೀತು? ಅಣ್ಣ ತಂಗಿಯರಿಬ್ಬರೂ ಕಾಶ್ಮೀರದವರೆಗೂ ಅಲೆದು 1878ರಲ್ಲಿ ಕಲ್ಕತ್ತೆಗೆ ಬಂದಾಗ ಹಳೆಯ ಆಚಾರಗಳ ಮೇಲಿನ ಭರವಸೆ ಅವರಲ್ಲಿ ಕಳಚಿಹೋಗಿತ್ತು.

ಕುರ್ಚಿಯ ಮುಂದೆ ಮಂಡಿಯೂರಿದವರು

ಕಲ್ಕತ್ತೆಯ ಪಂಡಿತರು ಈ ಇಪ್ಪತ್ತು ವರ್ಷದ ತರುಣಿಯ ಸಂಸ್ಕೃತವನ್ನು ಪರೀಕ್ಷಿಸಿ ಬೆರಗಾಗಿ ‘ಪಂಡಿತಾ’ ಎಂದೂ ‘ಸರಸ್ವತಿ’ ಎಂದೂ ಬಿರುದು ಕೊಟ್ಟರು. ಅಲ್ಲಿಯೇ ಅವರು ಮೊದಲ ಬಾರಿಗೆ ಕ್ರೈಸ್ತರ ಒಂದು ಕೂಟವನ್ನು ಕಂಡದ್ದು. ಪ್ರಾರ್ಥನೆಯ ಹೊತ್ತಿಗೆ ಅವರೆಲ್ಲ ತಾವು ಕುಳಿತಿದ್ದ ಕುರ್ಚಿಗಳ ಕಡೆಗೆ ತಿರುಗಿ ಮಂಡಿಯೂರಿದರಂತೆ. ಇವರು ಕುರ್ಚಿಗಳನ್ನು ಪೂಜಿಸುತ್ತಾರೆಂದೇ ಅಣ್ಣ ತಂಗಿಯರು ತಿಳಿದರು! ಸಂಸ್ಕೃತದ ಬೈಬಲ್ಲೊಂದು ಕೈಗೆ ಬಂತು. ಓದಿದರೆ ತಲೆಬುಡ ತಿಳಿಯಲಿಲ್ಲ. ಕರೆ ಬಂದ ಕೂಡಲೆ ಕಿವಿಗೆ ಬಿದ್ದೇಬಿಡುತ್ತದೆ ಎಂದುಕೊಳ್ಳುವವರು ಈ ಸಂಗತಿಯನ್ನು ನೆನಪಿಡಬೇಕು.

ಬ್ರಹ್ಮಸಮಾಜದ ಕೇಶವಚಂದ್ರ ಸೇನರು ವೇದವನ್ನು ಓದಿರೆಂದು ಪುಸ್ತಕವನ್ನೇ ಕೈಗೆ ಕೊಟ್ಟರು. ಹೆಂಗಸು ವೇದ ಓದಬಾರದೆಂದು ಕಲಿತು ಬೆಳೆದ ರಮಾಬಾಯಿಯವರು ಮೊದಲು ಹಿಂಜರಿದು ಆಮೇಲೆ ಓದಿದರು. ಧರ್ಮಶಾಸ್ತ್ರಗಳನ್ನೂ ಓದಿದರು. ಅಲ್ಲಿ ಹೆಂಗಸಿಗೂ ಶೂದ್ರನಿಗೂ ಮುಕ್ತಿಯ ವಿಷಯದಲ್ಲಿ ಹೇಳಿದ್ದು ಅವರ ಮನಸ್ಸಿಗೆ ಒಪ್ಪಲಿಲ್ಲ. ಇದು ಅವರು ಓದಿ ಕಂಡುಕೊಂಡ ಅಭಿಪ್ರಾಯ. ಅದೇ ಶಾಸ್ತ್ರಗಳನ್ನು ಓದಿ, ಅದೇ ಪರಂಪರೆಯೊಳಗಿದ್ದುಕೊಂಡೇ ಸುಧಾರಣೆಗೆ ದುಡಿದ ರಾನಡೆಯವರಂಥ ಹಿರಿಯರೂ ಆ ಕಾಲದಲ್ಲಿದ್ದರೆಂಬುದನ್ನು ಮರೆಯಬಾರದು.

1880ರಲ್ಲಿ ಅಣ್ಣ ತೀರಿಕೊಂಡ. ಅದೇ ವರ್ಷ ರಮಾಬಾಯಿಯವರು ಬೇರೆ ಜಾತಿಯ ಬಂಗಾಳಿ ವಕೀಲ ಬಿಪಿನ್ ಬಿಹಾರಿ ಮೇಧಾವಿಯವರನ್ನು ಮದುವೆಯಾದರು. ಈಗಿನ ಅಸ್ಸಾಮಿಗೆ ಸೇರಿದ ಸಿಲ್ಚರಿನಲ್ಲಿ ಗಂಡನ ಪುಸ್ತಕಗಳ ನಡುವೆ ಬಂಗಾಳಿಯ ಲೂಕನ ಸುವಾರ್ತೆ ಸಿಕ್ಕಿತು. ಓದಿದಂತೆ ಮನಸ್ಸು ಸೆಳೆಯಿತು. ಗಂಡನಿಗೆ ಹೇಳಿದಾಗ, ದೀಕ್ಷೆ ಪಡೆದು ಆ ಸಮುದಾಯವನ್ನು ಸೇರುವುದು ತನಗೆ ಹಿಡಿಸದೆಂದು ಅವರು ತಿಳಿಸಿದರು. ಮದುವೆಯಾಗಿ ಎರಡು ವರ್ಷ ತುಂಬುವ ಮೊದಲೇ, 1882ರ ಫೆಬ್ರವರಿಯಲ್ಲಿ, ಕಾಲರಾ ರೋಗದಿಂದ ಅವರು ತೀರಿಕೊಂಡರು. ಕೈಯಲ್ಲಿ ವರ್ಷ ತುಂಬದ ಮಗಳು ಮನೋರಮಾ. ಇಪ್ಪತ್ತಮೂರರ ಹರೆಯದಲ್ಲಿ ವೈಧವ್ಯ.

ಫುಲ್ಹ್ಯಾಮಿನಲ್ಲಿ ಕಂಡದ್ದು

ಪುಣೆಗೆ ಬಂದು ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದ ಮೇಲೆ, 1883ರಲ್ಲಿ ರಮಾಬಾಯಿಯವರು ಮಗಳೊಂದಿಗೆ ಇಂಗ್ಲೆಂಡಿಗೆ ಹೋದರು. ಉದ್ದೇಶ ವೈದ್ಯ ಕಲಿಯುವುದು. ಕಿವಿ ಮಂದವಾಗಿದ್ದುದರಿಂದ ಅದು ಕೈಗೂಡಲಿಲ್ಲ. ವಾಂಟೇಜ್ ಎಂಬ ಊರಿನ ಕ್ರೈಸ್ತ ಸಂನ್ಯಾಸಿನಿಯರ ಮಠದಲ್ಲಿ ಉಳಿದುಕೊಂಡರು.

ಅವರು ಒಂದು ಸಲ ರಮಾಬಾಯಿಯವರನ್ನು ಲಂಡನ್ನಿನ ಫುಲ್ಹ್ಯಾಮಿಗೆ ಕರೆದೊಯ್ದರು. ಸಮಾಜ ‘ಕೆಟ್ಟವರು’ ಎಂದು ಹೊರದೂಡಿದ ಹೆಂಗಸರಿಗೆ ಆಶ್ರಯ ಕೊಡುವ ಕೆಲಸ ಅಲ್ಲಿ ನಡೆಯುತ್ತಿತ್ತು. ಒಂದು ಕಾಲಕ್ಕೆ ಅಂಥ ಬಾಳನ್ನು ಬಾಳಿದವರೇ ಈಗ ರೋಗಿಗಳ ಸೇವೆ ಮಾಡುತ್ತಿರುವುದನ್ನು ರಮಾಬಾಯಿಯವರು ಕಂಡರು. ಇಂಥವರನ್ನು ದಯೆಯಿಂದ ನೋಡಬೇಕೆಂದು ತಾವು ಓದಿದ ಗ್ರಂಥಗಳಲ್ಲಿ ಕಂಡಿರಲಿಲ್ಲವೆಂದು ಅವರಿಗನ್ನಿಸಿತು. ಇದನ್ನು ಮಾಡಿಸುವುದು ಯಾವುದೆಂದು ಸಂನ್ಯಾಸಿನಿಯೊಬ್ಬರನ್ನು ಕೇಳಿದರು. ಅವರು ಯೋಹಾನನ ಸುವಾರ್ತೆಯ ಸಮಾರ್ಯದ ಹೆಂಗಸಿನ ಕಥೆಯನ್ನು ಓದಿ ಹೇಳಿದರು. ಐದು ಗಂಡಂದಿರನ್ನು ಕಂಡು, ಜನ ಬಾರದ ನಡುಹಗಲಿನಲ್ಲಿ ಬಾವಿಗೆ ನೀರಿಗೆ ಬಂದ ಆ ಪರಜಾತಿಯ ಹೆಂಗಸಿನಿಂದ ಯೇಸು ಕುಡಿಯಲು ನೀರು ಕೇಳುತ್ತಾನೆ. ಅವಳೊಡನೆ ಕುಳಿತು ದೇವರ ವಿಷಯ ಮಾತನಾಡುತ್ತಾನೆ.

ಪರಜಾತಿಯವಳ ಕೈಯ ನೀರು ಎಂದರೇನೆಂಬುದು ಅನಂತಶಾಸ್ತ್ರಿಗಳ ಮಗಳಿಗೆ ಚೆನ್ನಾಗಿ ತಿಳಿದಿತ್ತು. ಅಲ್ಲಿಯವರೆಗೆ ಅವರ ಮುಂದಿದ್ದ ಪ್ರಶ್ನೆ, ಈ ಮತ ತರ್ಕಕ್ಕೆ ನಿಲ್ಲುತ್ತದೆಯೇ ಎಂಬುದು. ಅದಕ್ಕೆ ಪುಣೆಯ ನೆಹೆಮಿಯಾ ಗೋರೆಯವರು, ತಾವೂ ಶಾಸ್ತ್ರ ಓದಿದ ಬ್ರಾಹ್ಮಣರಾಗಿದ್ದು ಕ್ರೈಸ್ತರಾದವರು, ಪತ್ರಗಳ ಮೂಲಕ ಉತ್ತರ ಬರೆಯುತ್ತಿದ್ದರು. ಫುಲ್ಹ್ಯಾಮಿನಲ್ಲಿ ಇನ್ನೊಂದು ಪ್ರಶ್ನೆ ಎದ್ದಿತು: ತಳ್ಳಲ್ಪಟ್ಟ ಹೆಂಗಸನ್ನು ಹೀಗೆ ಮಾತನಾಡಿಸಿದವನು ಯಾರು? 1883ರ ಸೆಪ್ಟೆಂಬರ್ 29ರಂದು ವಾಂಟೇಜಿನಲ್ಲಿ ತಾಯಿ ಮಗಳಿಬ್ಬರಿಗೂ ದೀಕ್ಷಾಸ್ನಾನವಾಯಿತು.

ದೀಕ್ಷೆಯ ಮೇಲೂ ಉಳಿದ ಪ್ರಶ್ನೆಗಳು

ಕಥೆ ಇಲ್ಲಿಗೆ ಮುಗಿದಿದ್ದರೆ ಈ ಲೇಖನ ಬರೆಯಬೇಕಾಗಿರಲಿಲ್ಲ. ಸುದ್ದಿ ತಿಳಿದು ಪುಣೆಯಲ್ಲಿ ಕೋಲಾಹಲವೆದ್ದಿತು. ನಿನ್ನೆಯವರೆಗೆ ಹೊಗಳಿದವರು ಇಂದು ತೆಗಳಿದರು. ಅತ್ತ ಇಂಗ್ಲೆಂಡಿನಲ್ಲಿ, ದೀಕ್ಷೆ ಕೊಟ್ಟವರು ಎಲ್ಲವೂ ನೆಟ್ಟಗಾಯಿತೆಂದು ತಿಳಿದಿರುವಾಗ, ರಮಾಬಾಯಿಯವರು ಪ್ರಶ್ನೆ ಕೇಳುತ್ತಲೇ ಇದ್ದರು. ದೇವರು ಒಬ್ಬನೇ ಆದರೆ ತಂದೆ, ಮಗ, ಪವಿತ್ರಾತ್ಮ ಎಂಬ ತ್ರಯೈಕ್ಯ ಹೇಗೆ? ಪವಾಡಗಳನ್ನು ಒಪ್ಪಲೇಬೇಕೆ? ಸಭೆ ಸಭೆಗೂ ಜಗಳವಾಡುವ ಈ ಕ್ರೈಸ್ತರಲ್ಲಿ ಯಾರ ಮಾತು ನಿಜ? ಮಾಂಸ, ಮೊಟ್ಟೆಗಳನ್ನು ಅವರು ಮುಟ್ಟಲಿಲ್ಲ. ಶಿಲುಬೆಯ ಮೇಲೆ ತನಗೆ ತಿಳಿಯದ ಲ್ಯಾಟಿನ್ ಅಕ್ಷರಗಳೇಕೆ, ಸಂಸ್ಕೃತವೇಕಾಗದು ಎಂದು ಕೇಳಿದರು.

ಅವರು ಗಂಡುಮಕ್ಕಳಿಗೆ ಪಾಠ ಹೇಳುವುದು ಸರಿಯಲ್ಲವೆಂದು ಬಿಷಪ್ಪರು ಆಕ್ಷೇಪಿಸಿದಾಗ ನೊಂದು, ಒಂದು ಪುರೋಹಿತ ವರ್ಗದ ನೊಗವನ್ನು ಕಷ್ಟಪಟ್ಟು ಕಳಚಿದವಳು ಮತ್ತೊಂದಕ್ಕೆ ಹೆಗಲು ಕೊಡಲಾರೆನೆಂಬ ಅರ್ಥದಲ್ಲಿ ಬರೆದರು. ಮಠದಲ್ಲಿ ಗುರುವಾಗಿದ್ದ ಸಿಸ್ಟರ್ ಜೆರಾಲ್ಡೀನರಿಗೆ ಇದು ಅಹಂಕಾರವಾಗಿ ಕಂಡಿತು. ಶಿಷ್ಯೆ ವಿಧೇಯಳಾಗಿ ನಂಬಬೇಕೆಂಬುದು ಅವರ ನಿಲುವು. ರಮಾಬಾಯಿಯವರು ಮುಂದೆ ಓದಿದ ಚೆಲ್ಟನ್‌ಹ್ಯಾಂ ಮಹಿಳಾ ಕಾಲೇಜಿನ ಪ್ರಾಂಶುಪಾಲೆ ಡೊರೊಥಿಯಾ ಬೀಲ್ ಅವರ ರೀತಿ ಬೇರೆ. ಅವರು ಪ್ರಶ್ನೆಗಳನ್ನು ಕೇಳಿಸಿಕೊಂಡರು, ಕುಳಿತು ಚರ್ಚಿಸಿದರು, ಪತ್ರ ಬರೆದು ವಿವರಿಸಿದರು. ರಮಾಬಾಯಿಯವರು ಈ ಪ್ರಶ್ನೆಗಳ ನಡುವೆಯೂ ಕ್ರಿಸ್ತನನ್ನು ಬಿಡದೆ ಉಳಿದರೆಂದರೆ, ಗದರಿಸಿದವರಿಗಿಂತ ಕೇಳಿಸಿಕೊಂಡವರ ಪಾಲು ಅದರಲ್ಲಿ ದೊಡ್ಡದೆಂದು ನನ್ನ ಅಭಿಪ್ರಾಯ.

ಇಲ್ಲಿ ಮನೆಯ ಹಿರಿಯರು ಒಂದು ಮಾತನ್ನು ಯೋಚಿಸಬೇಕು. ಮಗನೋ ಮಗಳೋ ದೇವರ ವಿಷಯ ಪ್ರಶ್ನೆ ಎತ್ತಿದರೆ ನಾವು ಮೊದಲು ಮಾಡುವ ಕೆಲಸ ಬಾಯಿ ಮುಚ್ಚಿಸುವುದು. ಬಾಯಿ ಮುಚ್ಚಿದರೆ ಪ್ರಶ್ನೆ ಹೋಗುವುದಿಲ್ಲ. ಕೇಳುವವರ ಮೇಲಿನ ವಿಶ್ವಾಸ ಮಾತ್ರ ಹೋಗುತ್ತದೆ. ತೋಮನ ಮುಂದೆ ಬಂದು ನಿಂತವನು ಹಾಗೆ ಮಾಡಲಿಲ್ಲ.

ಎಂಟು ವರ್ಷಗಳಾದ ಮೇಲೆ

1886ರಲ್ಲಿ ರಮಾಬಾಯಿಯವರು ಅಮೆರಿಕಕ್ಕೆ ಹೋದರು. ವೈದ್ಯ ಪದವಿ ಪಡೆಯುತ್ತಿದ್ದ ಬಂಧು ಆನಂದೀಬಾಯಿ ಜೋಶಿಯವರ ಪದವಿದಾನ ಸಮಾರಂಭವನ್ನು ನೋಡುವುದು ಮೊದಲ ಉದ್ದೇಶ. ಆಮೇಲೆ ಊರೂರಿನಲ್ಲಿ ಭಾಷಣ ಮಾಡಿ, ಭಾರತದ ಮೇಲ್ಜಾತಿಯ ಹೆಂಗಸರ ಸ್ಥಿತಿಯನ್ನು ಕುರಿತು 1887ರಲ್ಲಿ ಇಂಗ್ಲಿಷಿನಲ್ಲಿ ಪುಸ್ತಕ ಪ್ರಕಟಿಸಿ, ಬಂದ ನೆರವಿನಿಂದ 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ವಿಧವೆಯರಿಗಾಗಿ ‘ಶಾರದಾ ಸದನ’ವನ್ನು ತೆರೆದರು. ಯಾರ ಮತಕ್ಕೂ ಕೈ ಹಾಕುವುದಿಲ್ಲವೆಂಬುದು ಅಲ್ಲಿಯ ಕಟ್ಟಳೆ. ಮರುವರ್ಷ ಸದನ ಪುಣೆಗೆ ಬಂತು. ಮುಂದೆ ಧೋಂಡೋ ಕೇಶವ ಕರ್ವೆಯವರ ಕೈಹಿಡಿದ ಗೋಡೂಬಾಯಿಯವರು ಅದೇ ಸದನದಲ್ಲಿ ಓದಿದ ಹಿಂದೂ ವಿಧವೆ.

ಹೊರಗೆ ಕೆಲಸ ಬೆಳೆಯುತ್ತಿತ್ತು. ಒಳಗೆ ಏನೋ ಬರಿದಾಗಿತ್ತು. ಆಗ ಇಂಗ್ಲೆಂಡಿನ ವಿಲಿಯಂ ಹ್ಯಾಸ್ಲಂ ಎಂಬ ಪಾದ್ರಿಯ ಆತ್ಮಕಥೆ ಅವರ ಕೈಗೆ ಬಂತು. ಈತ ಬಹಳ ದಿನ ಪಾದ್ರಿಯಾಗಿದ್ದು, ಇತರರಿಗೆ ಉಪದೇಶ ಮಾಡುತ್ತಿದ್ದು, ಕೊನೆಗೆ ಒಂದು ಭಾನುವಾರ ತನ್ನದೇ ಉಪದೇಶದ ನಡುವೆ ತಾನು ಹೇಳುತ್ತಿರುವುದರ ಅರ್ಥ ಹೊಳೆದು ಬದಲಾದವನು. ಇದನ್ನು ಓದಿ ರಮಾಬಾಯಿಯವರು ತಮ್ಮನ್ನೇ ಪರೀಕ್ಷಿಸಿಕೊಂಡರು. ತನಗೆ ಸಿಕ್ಕಿರುವುದು ಕ್ರೈಸ್ತ ಮತ, ಕ್ರಿಸ್ತನಲ್ಲ ಎಂಬುದು ಅವರಿಗೆ ತಿಳಿಯಿತು. ದೀಕ್ಷೆಯಾಗಿ ಆಗ ಎಂಟು ವರ್ಷಗಳಾಗಿದ್ದವು, 1891ನೆಯ ಇಸವಿ. 1907ರಲ್ಲಿ ಬರೆದ ತಮ್ಮ ಆತ್ಮನಿವೇದನೆಯಲ್ಲಿ ಅವರು ಇದನ್ನು ಮರೆಮಾಚದೆ ಹೇಳಿಕೊಂಡಿದ್ದಾರೆ.

ಮತಕ್ಕೂ ಕ್ರಿಸ್ತನಿಗೂ ಏನು ವ್ಯತ್ಯಾಸವೆಂದು ನೀವು ಕೇಳಬಹುದು. ಮದುವೆಯ ಕರೆಯ ಮಾತಿಗೇ ಹಿಂದಿರುಗೋಣ. ಲಗ್ನಪತ್ರಿಕೆಯನ್ನು ಓದಿ, ಮುಹೂರ್ತ ಸರಿಯಿದೆಯೇ, ಹೆಸರುಗಳು ಸರಿಯಿವೆಯೇ, ಛತ್ರ ಎಲ್ಲಿದೆ ಎಂದು ತಿಳಿದುಕೊಳ್ಳುವುದು ಒಂದು. ಎದ್ದು ಹೋಗಿ, ಕರೆದವರ ಮುಖ ನೋಡಿ, ಅವರ ಪಂಕ್ತಿಯಲ್ಲಿ ಕುಳಿತುಕೊಳ್ಳುವುದು ಇನ್ನೊಂದು. ರಮಾಬಾಯಿಯವರು ಎಂಟು ವರ್ಷ ಪತ್ರಿಕೆಯನ್ನು ಪರಿಶೀಲಿಸಿದರು. ಅದು ವ್ಯರ್ಥವಾಗಲಿಲ್ಲ, ಅಷ್ಟು ಕೆದಕಿ ನೋಡದಿದ್ದರೆ ಅವರು ಹೊರಡುತ್ತಲೇ ಇರಲಿಲ್ಲ. ಆದರೆ ಎಷ್ಟು ಪರಿಶೀಲಿಸಿದರೂ ಊಟವಾಗುವುದಿಲ್ಲ. ಕ್ರೈಸ್ತರು ‘ಕೃಪೆ’ ಎಂದು ಯಾವುದನ್ನು ಕರೆಯುತ್ತಾರೋ ಅದರ ಸಾರ ಇಷ್ಟೆ: ತನ್ನ ಯೋಗ್ಯತೆಯನ್ನು ತೋರಿಸಿ ಸಂಪಾದಿಸಬೇಕಾದದ್ದಲ್ಲ, ಕೊಟ್ಟದ್ದನ್ನು ಕೈಯೊಡ್ಡಿ ತೆಗೆದುಕೊಳ್ಳಬೇಕಾದದ್ದು. ವ್ರತ, ದಾನಗಳಿಂದ ದೇವರನ್ನು ಒಲಿಸಿಕೊಳ್ಳಲು ಹೋಗಿ ಮನೆಮಂದಿಯನ್ನು ಕಳೆದುಕೊಂಡ ಹೆಣ್ಣಿಗೆ ಈ ಮಾತಿನ ತೂಕ ಎಷ್ಟಿದ್ದೀತೆಂದು ನೀವೇ ಊಹಿಸಿ. ಅಂದು ಬರಗಾಲದಲ್ಲಿ ತಂದೆ ತನ್ನನ್ನು ಯಾವ ದೇವರ ಕೈಗೆ ಒಪ್ಪಿಸಿದನೋ ಅವನೇ ತನ್ನನ್ನು ಕರೆದುಕೊಂಡನೆಂದು ಅವರು ನಂಬಿದರು. ತಂದೆಯ ಭಕ್ತಿಯನ್ನು ಅವರು ಎಂದೂ ಹಗುರವಾಗಿ ಕಾಣಲಿಲ್ಲ.

ಒಪ್ಪಿಕೊಂಡ ಕರೆಗೆ ಬೆಲೆಯೂ ತೆರಬೇಕಾಯಿತು. ಬಾಗಿಲು ತೆರೆದಿಟ್ಟು ಅವರು ಮಗಳೊಡನೆ ಪ್ರಾರ್ಥಿಸುತ್ತಿದ್ದಾಗ ಸದನದ ಕೆಲವು ಹುಡುಗಿಯರು ಬಂದು ಕೂರುತ್ತಿದ್ದರು. ತಾನು ಯಾರನ್ನೂ ಕರೆದಿಲ್ಲ, ಬಂದವರನ್ನು ಅಟ್ಟುವುದೂ ಇಲ್ಲ ಎಂಬುದು ಅವರ ವಾದ. ಕಟ್ಟಳೆ ಮುರಿಯಿತೆಂಬುದು ವಿರೋಧಿಗಳ ವಾದ. ತಿಲಕರ ‘ಕೇಸರಿ’ ಪತ್ರಿಕೆ ತೀಕ್ಷ್ಣವಾಗಿ ಬರೆಯಿತು. 1893ರಲ್ಲಿ ರಾನಡೆ, ಭಾಂಡಾರಕರ್ ಮೊದಲಾದ ಹಿತೈಷಿಗಳು ಸಲಹಾ ಸಮಿತಿಯಿಂದ ಹೊರಬಂದರು. ಅನೇಕ ತಂದೆತಾಯಿಗಳು ಮಕ್ಕಳನ್ನು ಬಿಡಿಸಿಕೊಂಡು ಹೋದರು. ತಮ್ಮ ಮಕ್ಕಳ ವಿಷಯದಲ್ಲಿ ಅವರ ಕಳವಳವನ್ನೂ ನಾವು ಅರ್ಥಮಾಡಿಕೊಳ್ಳಬಹುದು.

ಮೂರು ವರ್ಷಗಳಲ್ಲಿ ಮತ್ತೆ ಬರಗಾಲ ಬಂತು. ಹಸಿವೆಂದರೇನೆಂದು ತಿಳಿದಿದ್ದ ರಮಾಬಾಯಿಯವರು ಮಧ್ಯಪ್ರಾಂತಕ್ಕೆ ಹೋಗಿ ಅನಾಥ ಹುಡುಗಿಯರನ್ನೂ ವಿಧವೆಯರನ್ನೂ ನೂರಾರು ಸಂಖ್ಯೆಯಲ್ಲಿ ಕರೆತಂದರು. ಪುಣೆಯ ಹತ್ತಿರದ ಕೇಡಗಾಂವದಲ್ಲಿ ‘ಮುಕ್ತಿ’ ಎಂಬ ನೆಲೆ ಎದ್ದಿತು. 1900ರ ಗುಜರಾತಿನ ಬರದ ಹೊತ್ತಿಗೆ ಅಲ್ಲಿದ್ದವರು ಎರಡು ಸಾವಿರದ ಹತ್ತಿರ. ನೇಯ್ಗೆ, ಹೊಲಿಗೆ, ಬೇಸಾಯ, ಅಚ್ಚುಕೂಟದ ಕೆಲಸ ಎಲ್ಲವನ್ನೂ ಹೆಂಗಸರೇ ಕಲಿತು ಮಾಡಿದರು. ಕುರುಡರಿಗೂ ಅಲ್ಲಿ ಎಡೆಯಿತ್ತು. ಮಗಳು ಮನೋರಮಾಬಾಯಿ 1912ರಲ್ಲಿ ಗುಲ್ಬರ್ಗಾದಲ್ಲಿ, ಈಗಿನ ಕಲಬುರಗಿಯಲ್ಲಿ, ಶಾಲೆಯೊಂದನ್ನು ತೆರೆದಳು. ಆಕೆ 1921ರಲ್ಲಿ ತಾಯಿಗಿಂತ ಮೊದಲೇ ತೀರಿಕೊಂಡಳು. ರಮಾಬಾಯಿಯವರು ಇಳಿವಯಸ್ಸಿನಲ್ಲಿ ಹೀಬ್ರೂ, ಗ್ರೀಕ್ ಭಾಷೆಗಳನ್ನು ಕಲಿತು ಬೈಬಲ್ಲನ್ನು ಹಳ್ಳಿಯ ಹೆಂಗಸಿಗೂ ತಿಳಿಯುವ ಮರಾಠಿಗೆ ತಂದು, 1922ರ ಏಪ್ರಿಲ್ 5ರಂದು ಕಣ್ಣು ಮುಚ್ಚಿದರು. ಒಂದು ಕಾಲಕ್ಕೆ ಸಂಸ್ಕೃತದಲ್ಲಿ ಓದಿ ತಲೆಬುಡ ತಿಳಿಯಲಿಲ್ಲವೆಂದು ಬದಿಗಿಟ್ಟ ಅದೇ ಪುಸ್ತಕ!

ಹೊರಗೆ ಹಿಡಿಯಿಲ್ಲದ ಬಾಗಿಲು

ಇದರಿಂದ ನಾವು ತಿಳಿಯಬಹುದಾದದ್ದೇನು? ಮೊದಲನೆಯದು, ಸಂದೇಹವನ್ನು ಅದರ ಜಾತಿಯರಿತು ನೋಡಬೇಕು. ತತ್ತ್ವದ ಸಂದೇಹವಾದರೆ ಓದಬೇಕು, ಬಲ್ಲವರನ್ನು ಕೇಳಬೇಕು. ಕ್ರೈಸ್ತರ ನಡತೆ ಕಂಡು ಹುಟ್ಟಿದ ಸಂದೇಹವಾದರೆ, ಕರೆದವನನ್ನೂ ಕರೆಯೋಲೆ ತಂದ ಆಳನ್ನೂ ಬೇರೆಬೇರೆ ಮಾಡಿ ನೋಡಬೇಕು. ಆಳು ಒರಟನಾಗಿದ್ದರೆ ಔತಣ ಹಳಸಿದೆಯೆಂದು ಅರ್ಥವಲ್ಲ. ನೋವಿನಿಂದ ಹುಟ್ಟಿದ ಸಂದೇಹವಾದರೆ ಅದಕ್ಕೆ ವಾದವೇ ಮದ್ದಲ್ಲ. ಕ್ರೈಸ್ತರು ಅದಕ್ಕೆ ಗಾಯಗೊಂಡ ಒಬ್ಬ ದೇವರನ್ನು ತೋರಿಸುತ್ತಾರೆ. ವಿವರಣೆಯಾಗಿ ಅಲ್ಲ, ಜೊತೆಗಾರನಾಗಿ.

ಎರಡನೆಯದು, ತಿಳಿದಷ್ಟರ ಮಟ್ಟಿಗೆ ನಡೆಯಬೇಕು. ರಮಾಬಾಯಿಯವರು ತ್ರಯೈಕ್ಯದ ಗಂಟು ಬಿಚ್ಚುವವರೆಗೂ ವಿಧವೆಯರ ಕೆಲಸವನ್ನು ತಡೆದಿರಲಿಲ್ಲ. ಕತ್ತಲಲ್ಲಿ ಲಾಂದ್ರ ಹಿಡಿದು ಹೋಗುವವನಿಗೆ ಊರವರೆಗಿನ ದಾರಿಯೆಲ್ಲ ಒಮ್ಮೆಗೇ ಕಾಣುವುದಿಲ್ಲ. ನಾಲ್ಕು ಹೆಜ್ಜೆ ಕಾಣುತ್ತದೆ, ನಡೆದರೆ ಮತ್ತೆ ನಾಲ್ಕು.

ಮೂರನೆಯದು, ಈ ಕರೆಯಲ್ಲಿ ಬಲವಂತಕ್ಕೆ ಎಡೆಯಿಲ್ಲ. ಹಾಲ್ಮನ್ ಹಂಟ್ ಎಂಬ ಇಂಗ್ಲಿಷ್ ಚಿತ್ರಗಾರ 1850ರ ದಶಕದಲ್ಲಿ ಬರೆದ ಒಂದು ಪ್ರಸಿದ್ಧ ಚಿತ್ರ ಆಕ್ಸ್‌ಫರ್ಡಿನ ಕೀಬಲ್ ಕಾಲೇಜಿನಲ್ಲಿದೆ. ಇರುಳಿನಲ್ಲಿ ಕ್ರಿಸ್ತನು ಲಾಂದ್ರ ಹಿಡಿದು, ಬಳ್ಳಿ ಹಬ್ಬಿದ ಹಳೆಯ ಬಾಗಿಲೊಂದನ್ನು ತಟ್ಟುತ್ತಿದ್ದಾನೆ. ಆ ಬಾಗಿಲಿಗೆ ಹೊರಗಡೆ ಹಿಡಿಯೇ ಇಲ್ಲ. ಚಿತ್ರಗಾರ ಮರೆತು ಬಿಟ್ಟದ್ದಲ್ಲ. ಬಾಗಿಲು ತೆರೆಯಬೇಕಾದದ್ದು ಒಳಗಿನಿಂದ. ತಟ್ಟುವವನು ದೇವರೇ ಆದರೂ ಒದ್ದು ಒಳಗೆ ಬರುವವನಲ್ಲ ಎಂದ ಮೇಲೆ, ಅವನ ಹೆಸರಿನಲ್ಲಿ ಬರುವ ಮನುಷ್ಯರಿಗೆ ಆ ಅಧಿಕಾರ ಎಲ್ಲಿಂದ ಬಂತು? ಆಸೆ ತೋರಿಸಿಯೋ ಹೆದರಿಸಿಯೋ ತೆರೆಸಿದ ಬಾಗಿಲು ತೆರೆದ ಬಾಗಿಲಲ್ಲ.

ಕರೆಗೆ ಓಗೊಡುವುದೂ ಬಿಡುವುದೂ ಅವರವರ ಮನಸ್ಸಿಗೆ ಸೇರಿದ್ದು. ಆದರೆ ಒಂದು ಮಾತನ್ನು ಹೇಳಬಹುದು. ನಿಮ್ಮ ಮನಸ್ಸಿನಲ್ಲಿ ದೇವರ ವಿಷಯವಾಗಿ ಒಂದು ಪ್ರಶ್ನೆ ಬಹುದಿನದಿಂದ ಕುಳಿತಿದ್ದರೆ, ಅದನ್ನು ಪಾಪವೆಂದು ಹೆದರಿ ಒತ್ತಿಡಬೇಡಿ. ಜಾಣತನವೆಂದು ಬೀಗಿ ಹಾಗೆಯೇ ಬಿಟ್ಟುಬಿಡಲೂ ಬೇಡಿ. ಅದರ ಜೊತೆಗೆ ಕುಳಿತುಕೊಳ್ಳಿ, ಕೇಳಬೇಕಾದವರನ್ನು ಕೇಳಿ. ಗಂಗಾಮೂಲದ ಮಗಳಿಗೆ ದೀಕ್ಷೆಯಾದ ಮೇಲೂ ಎಂಟು ವರ್ಷ ಹಿಡಿಯಿತು. ಅಷ್ಟು ಕಾಲವೂ ಬಾಗಿಲು ತಟ್ಟುವ ಸದ್ದು ನಿಲ್ಲಲಿಲ್ಲವೆಂಬುದೇ ಆಕೆಯ ಸಾಕ್ಷಿ.